ಸಾಲದ ಚೀಟಿ ಮತ್ತು ಪೌರತ್ವ

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ತಮಿಳು ಮಾತನಾಡುವ ಕಾರ್ಮಿಕ ಕುಟುಂಬಗಳಿವೆ. ಇವರ ಹಿರಿಯರು ಬಂದದ್ದು ಶ್ರೀಲಂಕೆಯ ಚಹಾ ತೋಟಗಳಿಂದ.

ಆಗಿನ ಸಿಲೋನಿನ ಗುಡ್ಡಗಳಲ್ಲಿ ಬ್ರಿಟಿಷರು ಮೊದಲು ಬೆಳೆಸಿದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆರೋಗ ಅದನ್ನು ಹಾಳುಗೆಡವಿದ ಮೇಲೆ ಚಹಾ ಬಂತು. ತಮಿಳು ಜಿಲ್ಲೆಗಳ ಬಡವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ ಮೇಸ್ತ್ರಿಯೇ ಕಂಗಾಣಿ. ಮುಂಗಡ, ದಾರಿಖರ್ಚು ಎಲ್ಲವೂ ಕೂಲಿಯ ಹೆಸರಿನಲ್ಲಿ ಸಾಲವಾಗುತ್ತಿತ್ತು. ‘ತುಂಡು’ ಎಂಬ ಚೀಟಿಯಲ್ಲಿ ನಮೂದಾದ ಈ ಸಾಲ ತೀರಿದರಷ್ಟೇ ಬೇರೆ ತೋಟಕ್ಕೆ ಬಿಡುಗಡೆ. 1921ರಲ್ಲಿ ಈ ಪದ್ಧತಿ ರದ್ದಾಯಿತು.

ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯ್ದೆ, ತಂದೆಯೂ ಅಲ್ಲೇ ಹುಟ್ಟಿದ್ದಕ್ಕೆ ಪುರಾವೆ ಕೇಳಿತು. ಲೈನ್ ಮನೆಗಳಲ್ಲಿ ಬಾಳಿದವರಲ್ಲಿ ಬಹುಪಾಲು ಜನರ ಬಳಿ ಅಂಥ ಕಾಗದವಿರಲಿಲ್ಲ. ಅವರು ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಹಾಗೂ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಹಂಚಿಕೆಯಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ಆ ಮಾತುಕತೆಯಲ್ಲಿ ಕಾರ್ಮಿಕರಿಗೆ ಸ್ಥಾನವಿರಲಿಲ್ಲ.

ಹೀಗೆ ಮರಳಿದವರಲ್ಲಿ ಕೆಲವರಿಗೆ ಸುಳ್ಯ ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. 1983ರ ಜನಾಂಗೀಯ ಗಲಭೆ, ಅದರ ಬೆನ್ನಿಗೇ ಬಂದ ಯುದ್ಧದಿಂದ ಹಡಗು ಸಂಚಾರವೇ ನಿಂತು, ಹಲವರು ಅಲ್ಲೇ ಸಿಕ್ಕಿಬಿದ್ದರು. ಅಲ್ಲಿ ಪೌರತ್ವವಿಲ್ಲದೆ ಉಳಿದಿದ್ದವರಿಗೆ ಶ್ರೀಲಂಕೆ 2003ರಲ್ಲಿ ಕಾಯ್ದೆ ತಂದು ಪೌರತ್ವ ನೀಡಿತು.

ತಲೆಮಾರುಗಳ ದುಡಿಮೆಯನ್ನು ಯಾವ ದೇಶವೂ ಪೌರತ್ವದ ಪುರಾವೆಯೆಂದು ಒಪ್ಪಲಿಲ್ಲ. ವಲಸೆ ಕಾರ್ಮಿಕರ ಹಕ್ಕಿನ ಮಾತು ಬಂದಾಗಲೆಲ್ಲ ನೆನೆಯಬೇಕಾದ ಇತಿಹಾಸ ಇದು.