ಹೋಮ್‌ಪೇಜ್ ಕದ್ದವರು, ಬಿಡಿಸಿಕೊಟ್ಟವರು

ಇವತ್ತಿನ ವಿಷಯ ಸ್ವಲ್ಪ ಹಳೇದು, ಆದ್ರೆ ನಮ್ಮಲ್ಲಿ ಮೂವತ್ತೈದು ದಾಟಿದವರಿಗೆಲ್ಲ ಚೆನ್ನಾಗಿ ನೆನಪಿರುತ್ತೆ. ಬ್ರೌಸರ್ ತೆರೆದರೆ ಗೂಗಲ್ ಬರಬೇಕಾದ ಜಾಗದಲ್ಲಿ ಹೆಸರೇ ಕೇಳದ ಯಾವುದೋ ಸರ್ಚ್ ಪುಟ. ಸೆಟ್ಟಿಂಗ್ಸ್‌ಗೆ ಹೋಗಿ ಸರಿ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಪುಟ. ಮನೇಲಿ ಎಲ್ಲರೂ ಇದನ್ನ ವೈರಸ್ ಅಂತಲೇ ಕರೀತಿದ್ರು. ನನ್ನ ಪ್ರಕಾರ ಇದು ಮೊದಲಿಂದಲೂ ಒಂದು ವ್ಯಾಪಾರ. ಲೆಕ್ಕಪತ್ರ, ವಕೀಲರು, ಹೂಡಿಕೆದಾರರು ಎಲ್ಲಾ ಇದ್ದ ವ್ಯಾಪಾರ. ಅದಕ್ಕೇ ಇದನ್ನ ಕಿತ್ತು ಹಾಕೋಕೆ ಇಷ್ಟು ವರ್ಷ ಹಿಡೀತು.

ಬಾಗಿಲು ತೆರೆದಿಟ್ಟಿದ್ದು ಮೈಕ್ರೋಸಾಫ್ಟ್. 1997ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಬ್ರೌಸರ್ ಹೆಲ್ಪರ್ ಆಬ್ಜೆಕ್ಟ್ ಅನ್ನೋ ಸೌಲಭ್ಯ ಇತ್ತು. ಹೊರಗಿನವರು ಬರೆದ ಒಂದು ಡಿಎಲ್‌ಎಲ್ ಫೈಲು, ಬ್ರೌಸರ್ ತೆರೆದಾಗಲೆಲ್ಲ ಅದರ ಜೊತೆಗೇ ಏಳುತ್ತೆ. ಪಿಡಿಎಫ್ ತೋರಿಸೋಕೆ, ಡೌನ್‌ಲೋಡ್ ನೋಡ್ಕೊಳ್ಳೋಕೆ ಒಳ್ಳೇ ಸೌಲಭ್ಯವೇ. ಆದ್ರೆ ಒಳಗೆ ಬಂದೋನು ಯಾರು ಅಂತ ಕೇಳೋರು ಯಾರೂ ಇರಲಿಲ್ಲ.

2003ರಲ್ಲಿ ಬಂತು ನೋಡಿ, ಕೂಲ್‌ವೆಬ್‌ಸರ್ಚ್. ಇದು ಒಂದು ಪ್ರೋಗ್ರಾಮ್ ಅಲ್ಲ, ಒಂದು ದೊಡ್ಡ ಕುಟುಂಬ. ಒಂದು ತಳಿ ಹೋಮ್‌ಪೇಜ್ ಬದಲಿಸ್ತಿತ್ತು, ಇನ್ನೊಂದು ಹೋಸ್ಟ್ಸ್ ಫೈಲ್ ತಿದ್ದಿ ನೀವು ಟೈಪ್ ಮಾಡಿದ ವಿಳಾಸವನ್ನೇ ಬೇರೆ ಕಡೆ ತಿರುಗಿಸ್ತಿತ್ತು. ಇದರ ಬೆನ್ನು ಹತ್ತಿದವರು ಮೆರೈನ್ ಬೆಲೆಕಾಮ್ ಅನ್ನೋ ನೆದರ್ಲ್ಯಾಂಡ್ಸ್‌ನ ಒಬ್ಬ ವಿದ್ಯಾರ್ಥಿ. ಪ್ರತಿ ತಳಿಯನ್ನೂ ಬಿಡಿಸಿ ನೋಡಿ ದಾಖಲೆ ಬರೆದಿಟ್ಟರು, ಅದನ್ನ ತೆಗೆಯೋಕೆ ಅಂತಲೇ ಸಿಡಬ್ಲ್ಯುಶ್ರೆಡ್ಡರ್ ಬರೆದರು. ಜೊತೆಗೆ ಹೈಜಾಕ್‌ದಿಸ್ ಅನ್ನೋ ಪುಟ್ಟ ಟೂಲ್. ಎಲ್ಲಾ ಉಚಿತ.

ಹೈಜಾಕ್‌ದಿಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಇದು ಒಳ್ಳೇದು, ಇದು ಕೆಟ್ಟದ್ದು ಅಂತ ತೀರ್ಪು ಕೊಡ್ತಿರಲಿಲ್ಲ. ಹೋಮ್‌ಪೇಜ್, ಸರ್ಚ್ ಪುಟ ಎಲ್ಲಿಗೆ ಹೋಗ್ತಿದೆ ಅನ್ನೋದು ಆರ್0, ಆರ್1 ಸಾಲಿನಲ್ಲಿ. ಬ್ರೌಸರ್ ಹೆಲ್ಪರ್‌ಗಳು ಓ2ರಲ್ಲಿ. ಕಂಪ್ಯೂಟರ್ ಶುರುವಾದಾಗ ತಾನಾಗೇ ಏಳೋವು ಓ4ರಲ್ಲಿ. ಅಷ್ಟೇ, ಪಟ್ಟಿ ನಿಮ್ಮ ಮುಂದೆ. ಗೊತ್ತಿಲ್ಲದೆ ಟಿಕ್ ಹಾಕಿ ಅಳಿಸಿದರೆ ನೆಟ್ ಕನೆಕ್ಷನ್ನೇ ಹೋಗಬಹುದು. ಹಾಗಾಗಿ ಆ ಲಾಗ್ ಓದೋಕೆ ಕಲಿತವರ ಒಂದು ದೊಡ್ಡ ಬಳಗವೇ ಬೆಳೀತು. ಸಂಬಳ ಇಲ್ಲ, ಏನಿಲ್ಲ. ರಾತ್ರಿ ಕೂತು ಪರಿಚಯವೇ ಇಲ್ಲದವರ ಲಾಗ್ ಓದಿ, ಈ ಸಾಲು ತೆಗೀರಿ, ಆ ಸಾಲು ಮುಟ್ಟಬೇಡಿ ಅಂತ ಹೇಳಿಕೊಡ್ತಿದ್ರು. ನಾನು 2009ರಲ್ಲಿ ಪುಣೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿದಾಗ, ನಮ್ಮ ಸೀನಿಯರ್ ಒಬ್ಬರು ಹೈಜಾಕ್‌ದಿಸ್ ಇರೋ ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡೇ ಓಡಾಡೋರು. ಅಷ್ಟರಲ್ಲಿ ಅದು ಟ್ರೆಂಡ್ ಮೈಕ್ರೋ ಕೈಸೇರಿತ್ತು, 2007ರಲ್ಲೇ.

ಆಂಟಿವೈರಸ್ ಕಂಪನಿಗಳು ಏನು ಮಾಡ್ತಿದ್ವು ಅಂತ ನೀವು ಕೇಳಬಹುದು. ಅವರಿಗೆ ಕೋರ್ಟಿನ ಭಯ. 2003ರಲ್ಲಿ ಗೇಟರ್ ಅನ್ನೋ ಜಾಹೀರಾತು ಕಂಪನಿ, ತನ್ನನ್ನ ಸ್ಪೈವೇರ್ ಅಂತ ಕರೆದದ್ದಕ್ಕೆ ಪಿಸಿ ಪಿಟ್‌ಸ್ಟಾಪ್ ಮೇಲೆ ಮಾನಹಾನಿ ಕೇಸ್ ಹಾಕಿತು. ಅದೇ ವರ್ಷ ತನ್ನ ಹೆಸರನ್ನೂ ಕ್ಲಾರಿಯಾ ಅಂತ ಬದಲಿಸಿಕೊಳ್ತು. ಹೀಗೆ ಹುಟ್ಟಿ ಬೆಳೆದ ಪದವೇ ಪಿಯುಪಿ, ಅಂದ್ರೆ 'ಬಹುಶಃ ಬೇಡದ ಪ್ರೋಗ್ರಾಮ್'. ಆ 'ಬಹುಶಃ' ಇದೆಯಲ್ಲ, ಅದು ಎಂಜಿನಿಯರ್ ಬರೆದ ಪದ ಥರ ಕಾಣಲ್ಲ, ವಕೀಲರ ವಾಸನೆ ಹೊಡಿಯುತ್ತೆ. ಜ್ಯಾಂಗೋ ಅನ್ನೋ ಇನ್ನೊಂದು ಆಡ್‌ವೇರ್ ಕಂಪನಿ 2006ರಲ್ಲಿ ಅಮೆರಿಕದ ಎಫ್‌ಟಿಸಿಗೆ 30 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿಕೊಂಡಿತ್ತು. ಅದಾದ ಮೇಲೂ ತನ್ನನ್ನ ತಡೆದದ್ದಕ್ಕೆ ಕ್ಯಾಸ್ಪರ್‌ಸ್ಕಿಯನ್ನ ಕೋರ್ಟಿಗೆ ಎಳೀತು! 2009ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಕ್ಯಾಸ್ಪರ್‌ಸ್ಕಿ ಪರ ತೀರ್ಪು ಕೊಟ್ಟ ಮೇಲೇ ಉಳಿದವರಿಗೂ ಧೈರ್ಯ ಬಂದಿದ್ದು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನೀವು ಹುಡುಕಿದಾಗ ಬರೋ ಜಾಹೀರಾತಿನ ಮೇಲೆ ಕ್ಲಿಕ್ ಮಾಡಿದರೆ ಸರ್ಚ್ ಕಂಪನಿಗೆ ಕಾಸು. ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಬಂದವರಿಗೆ ಅದರಲ್ಲಿ ಪಾಲು. ಅಂದ್ರೆ ನಿಮ್ಮ ಹೋಮ್‌ಪೇಜ್ ಯಾರ ಕೈಲಿದೆಯೋ ಅವರಿಗೆ ದಿನಾ ಬಾಡಿಗೆ ಬಂದ ಹಾಗೆ. ಇಸ್ರೇಲಿನ ಬ್ಯಾಬಿಲಾನ್ ಶುರುವಾಗಿದ್ದು ಅನುವಾದದ ಸಾಫ್ಟ್‌ವೇರ್ ಆಗಿ, 1997ರಲ್ಲಿ. ಆಮೇಲೆ ಅದು ಬದುಕಿದ್ದು ಟೂಲ್‌ಬಾರ್ ಮೇಲೆ, ಗೂಗಲ್ ಕೊಡ್ತಿದ್ದ ಪಾಲಿನ ಮೇಲೆ. 2013ರಲ್ಲಿ ಗೂಗಲ್ ಒಪ್ಪಂದ ಮುಂದುವರಿಸಲ್ಲ ಅಂದಾಗ ಅದರ ಷೇರು ನೆಲಕ್ಕೆ ಬಿತ್ತು. ಅಲ್ಲಿನದ್ದೇ ಇನ್ನೊಂದು ಕಂಪನಿ ಕಾಂಡ್ಯುಯಿಟ್. 2012ರಲ್ಲಿ ಜೆಪಿ ಮಾರ್ಗನ್ ಹಣ ಹಾಕಿದಾಗ ಅದರ ಬೆಲೆ 100 ಕೋಟಿ ಡಾಲರ್ ದಾಟಿತ್ತು. ನೀವು ಹೋಮ್‌ಪೇಜ್ ಬದಲಿಸೋಕೆ ಹೋದರೆ ತಡೀತಿದ್ದ ಅದರ ಪ್ರೋಗ್ರಾಮಿನ ಹೆಸರೇನು ಗೊತ್ತಾ? ಸರ್ಚ್ ಪ್ರೊಟೆಕ್ಟ್. ಕಳ್ಳನೇ ಬಂದು ಮನೆ ಕಾವಲಿಗೆ ನಿಂತ ಹಾಗೆ.

ಕಂಪ್ಯೂಟರ್ ಒಳಗೆ ಇದನ್ನ ತಂದು ಬಿಡ್ತಿದ್ದಿದ್ದು 'ನೆಕ್ಸ್ಟ್' ಬಟನ್. ಜಾವಾ ಅಪ್‌ಡೇಟ್ ಜೊತೆ ಆಸ್ಕ್ ಟೂಲ್‌ಬಾರ್ ಬರ್ತಿತ್ತಲ್ಲ, ಮೊದಲೇ ಟಿಕ್ ಹಾಕಿಟ್ಟು, ನೆನಪಿದೆಯಾ? 2011ರ ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ಗಲಾಟೆ ಆಯ್ತು. ನೆಟ್‌ವರ್ಕ್ ಕೆಲಸ ಮಾಡೋರೆಲ್ಲ ಬಳಸೋ ಎನ್‌ಮ್ಯಾಪ್ ಇದೆಯಲ್ಲ, ಸಿನೆಟ್‌ನ ಡೌನ್‌ಲೋಡ್ ಡಾಟ್ ಕಾಮ್ ಅದನ್ನ ತನ್ನದೇ ಇನ್‌ಸ್ಟಾಲರ್‌ನಲ್ಲಿ ಸುತ್ತಿ ಹಂಚ್ತಾ ಇತ್ತು. ಎನ್‌ಮ್ಯಾಪ್ ಬರೆದ ಗಾರ್ಡನ್ ಲಯನ್ ಇದನ್ನ ನೋಡಿ ಕೆಂಡವಾದರು: ಟೂಲ್‌ಬಾರ್ ಸೇರಿಕೊಳ್ಳುತ್ತೆ, ಸರ್ಚ್ ಬಿಂಗ್ ಆಗುತ್ತೆ, ಹೋಮ್‌ಪೇಜ್ ಎಂಎಸ್‌ಎನ್ ಆಗುತ್ತೆ, ಬೈಗುಳ ಮಾತ್ರ ತನಗೆ. ಸಿನೆಟ್ ಕ್ಷಮೆ ಕೇಳಿತು.

ಇದನ್ನೆಲ್ಲ ತಮಾಷೆಯಾಗಿ ಹೇಳ್ತಾ ಇದ್ದೀನಿ, ಆದ್ರೆ ನಮ್ಮಂಥ ಮನೆಗಳಲ್ಲಿ ಇದು ತಮಾಷೆ ಆಗಿರಲಿಲ್ಲ. ಹಾಸನದಲ್ಲಿದ್ದ ನಮ್ಮಪ್ಪ 2013ರಲ್ಲಿ ಪೆನ್ಷನ್ ವಿಷಯ, ಬ್ಯಾಂಕಿನ ಸೈಟು, ಅಮ್ಮನ ಔಷಧಿ ಹೆಸರು ಎಲ್ಲಾ ಹುಡುಕಿದ್ದು ಅಂಥಾ ಒಂದು ನಕಲಿ ಪುಟದಲ್ಲೇ, ಎರಡು ತಿಂಗಳು. ಮೊದಲ ಐದಾರು ಸಾಲು ಬರೀ ಜಾಹೀರಾತು. ಅಪ್ಪನಿಗೆ ಅದೇ ಗೂಗಲ್. ಇಲ್ಲಿಂದ ನಾನು ಫೋನಲ್ಲಿ ಹೇಳ್ತಾ, ಅಲ್ಲಿ ಅವರು ಕನ್ನಡಕ ಸರಿ ಮಾಡ್ಕೊಂಡು ಓದ್ತಾ, ಕಂಟ್ರೋಲ್ ಪ್ಯಾನಲ್‌ನಿಂದ ತೆಗೆದ್ವಿ, ಎಕ್ಸ್‌ಟೆನ್ಷನ್ ತೆಗೆದ್ವಿ. ಆದ್ರೂ ಅದೇ ಪುಟ. ಕೊನೆಗೆ ಸಿಕ್ಕಿದ್ದು ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನಲ್ಲಿ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಟಾರ್ಗೆಟ್; ಅಲ್ಲಿ ಬ್ರೌಸರ್ ಫೈಲಿನ ಹೆಸರಿನ ಕೊನೆಗೆ ಆ ಪುಟದ ವಿಳಾಸ ಅಂಟಿಸಿಬಿಟ್ಟಿದ್ರು. ಆ ಕಾಲಕ್ಕೆ ಇದನ್ನೂ ಹುಡುಕಿ ತೆಗೀತಿದ್ದ ಟೂಲ್ ಆಡ್ವ್‌ಕ್ಲೀನರ್, ಅದೂ ಉಚಿತ. ಅದನ್ನ 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕೊಂಡುಕೊಳ್ತು.

2017ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ಫೈರ್‌ಬಾಲ್ ಬಗ್ಗೆ ವರದಿ ಕೊಟ್ಟಾಗ ಪಟ್ಟಿಯ ಮೊದಲ ಸಾಲಿನಲ್ಲೇ ಭಾರತ. ಬೀಜಿಂಗ್‌ನ ರಾಫೊಟೆಕ್ ಅನ್ನೋ ಮಾರ್ಕೆಟಿಂಗ್ ಕಂಪನಿಯದ್ದು. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರ್, ನಮ್ಮಲ್ಲೇ 2.53 ಕೋಟಿ ಅಂದ್ರು. ಈ ಲೆಕ್ಕ ಉಬ್ಬಿದ್ದು ಅಂತ ಮೈಕ್ರೋಸಾಫ್ಟ್ ತಕರಾರು ತೆಗೀತು. ನನಗೂ ಮೈಕ್ರೋಸಾಫ್ಟ್ ಮಾತೇ ಸರಿ ಅನ್ಸುತ್ತೆ, ಯಾಕಂದ್ರೆ ವಿಂಡೋಸ್ ಒಳಗಿನ ಲೆಕ್ಕ ಅವರ ಹತ್ತಿರ ಇರುತ್ತೆ. ಆದ್ರೆ ಭಾರತ ಯಾಕೆ ಮುಂದಿತ್ತು ಅನ್ನೋದು ಊಹಿಸೋಕೆ ಕಷ್ಟ ಇಲ್ಲ. ಉಚಿತ ಅಂದಿದ್ದನ್ನೆಲ್ಲ ಡೌನ್‌ಲೋಡ್ ಮಾಡೋರು, ಮೂಲ ಸೈಟ್ ಯಾವುದು ಅಂತ ಹೇಳಿಕೊಡೋರು ಪಕ್ಕದಲ್ಲಿ ಇಲ್ಲ. ಹೇಳಿಕೊಡಬೇಕಾದವರು ನಾವು, ಪುಣೆ, ಹೈದರಾಬಾದ್, ಚೆನ್ನೈನಲ್ಲಿ.

ಕ್ರೋಮ್ ತನ್ನೊಳಗೇ ಕ್ಲೀನಪ್ ಟೂಲ್ ಇಟ್ಟುಕೊಂಡಿತ್ತು. ಅಂಥಾ ದೂರು ಕಡಿಮೆ ಆಯ್ತು ಅಂತ 2023ರಲ್ಲಿ ತೆಗೆದುಹಾಕಿತು. ಹಾಗಂತ ವ್ಯಾಪಾರ ಮುಚ್ಚಿಲ್ಲ. ಈಗಿನ ಹೈಜಾಕರ್‌ಗಳು ಕಂಪನಿಗಳಿಗೆ ಅಂತ ಮಾಡಿದ ಪಾಲಿಸಿ ಸೌಲಭ್ಯವನ್ನೇ ಹಿಡ್ಕೊಂಡಿವೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ಮೆನು ಕೆಳಗೆ 'ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಅಂತ ಬಂದರೆ ಸರಿ, ಅದು ನಿಮ್ಮ ಐಟಿ ಟೀಮ್. ಈ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಕಂಪ್ಯೂಟರ್‌ನಲ್ಲೂ ಅದೇ ಸಾಲು ಕಂಡರೆ, ವಿಳಾಸದ ಜಾಗದಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಿ. ಕೆಲವು ಆಂಟಿವೈರಸ್‌ಗಳೂ ಅಲ್ಲಿ ಒಂದೆರಡು ಸಾಲು ಬರೆದಿರ್ತಾವೆ. ಆದ್ರೆ ಹೋಮ್‌ಪೇಜ್, ಸರ್ಚ್ ಅಥವಾ ಎಕ್ಸ್‌ಟೆನ್ಷನ್ ಬಗ್ಗೆ ಯಾರ ಹೆಸರೂ ಗೊತ್ತಿಲ್ಲದ ಸಾಲು ಇದ್ದರೆ, ಅದು ಹೇಗೆ ಬಂತು ಅಂತ ಅವರನ್ನ ಬೈಯೋಕೆ ಹೋಗದೆ ಮೊದಲು ಅದನ್ನ ತೆಗೀರಿ.