ಹಣ್ಣಿನ ಮರಗಳ ಗೊಬ್ಬರ ಮತ್ತು ಕೀಟಬಾಧೆ

ಹಣ್ಣಿನ ಮರಗಳಿಗೆ ಕೊಡುವ ಗೊಬ್ಬರದ ಬಗೆ, ಪ್ರಮಾಣ ಮತ್ತು ಕಾಲವನ್ನು ಅನುಸರಿಸಿ ತೋಟದ ಕೀಟಗಳ ಸಂಖ್ಯೆ ಏರಿಳಿಯುತ್ತದೆ. ರಸ ಹೀರುವ ಕೀಟಗಳಲ್ಲಿ, ಎಳೆ ಚಿಗುರನ್ನೇ ಆಶ್ರಯಿಸಿದ ಕೀಟಗಳಲ್ಲಿ ಇದು ಎದ್ದು ಕಾಣುತ್ತದೆ. ಪೋಷಕಾಂಶಗಳ ಪೈಕಿ ಸಾರಜನಕದ ಪ್ರಭಾವ ಹೆಚ್ಚು.

ರಸದ ಗುಣ: ಮರದ ಆಹಾರನಾಳದ ರಸದಲ್ಲಿ ಸಕ್ಕರೆ ಧಾರಾಳ, ಅಮೈನೊ ಆಮ್ಲ ವಿರಳ. ಕೀಟದ ಬೆಳವಣಿಗೆಗೆ, ಸಂತಾನಕ್ಕೆ ಅಮೈನೊ ಆಮ್ಲ ಬೇಕೇಬೇಕು. ಅದಕ್ಕಾಗಿಯೇ ಸಸ್ಯಹೇನು, ಹಿಟ್ಟು ತಿಗಣೆಗಳು ಬಹಳಷ್ಟು ರಸ ಹೀರಿ, ಮಿಕ್ಕ ಸಕ್ಕರೆಯನ್ನು ಅಂಟಾಗಿ ಹೊರಬಿಡುತ್ತವೆ. ಎಲೆಗೆ ಕಪ್ಪು ಬೂಷ್ಟು ಹಿಡಿಯುವುದು ಈ ಅಂಟಿನ ಮೇಲೆ. ಯೂರಿಯಾದಂಥ ಗೊಬ್ಬರ ಅತಿಯಾದರೆ ರಸದಲ್ಲಿ ಅಮೈನೊ ಆಮ್ಲ ಹೆಚ್ಚುತ್ತದೆ, ಕೀಟಗಳು ಬೇಗ ಬಲಿತು ಹೆಚ್ಚು ಮರಿ ಹಾಕುತ್ತವೆ. ಸೇಬಿನ ಕೆಂಪು ನುಸಿಯೂ ಸಾರಜನಕ ಹೆಚ್ಚಿರುವ ಎಲೆಗಳಲ್ಲಿ ಹೆಚ್ಚು ಮೊಟ್ಟೆಯಿಡುತ್ತದೆ. ಪೊಟ್ಯಾಷ್ ಕೊರತೆಯಾದಾಗ ಅಮೈನೊ ಆಮ್ಲ ಪ್ರೋಟೀನ್ ಆಗದೆ ಉಳಿಯುವುದರಿಂದ ಅದೂ ಇಂಥ ಕೀಟಗಳಿಗೆ ಅನುಕೂಲ.

ಚಿಗುರಿನ ಕಾಲ: ನಿಂಬೆ, ಕಿತ್ತಳೆ ಗಿಡಗಳಲ್ಲಿ ಗೊಬ್ಬರಕ್ಕೂ ಕೀಟಕ್ಕೂ ಇರುವ ನಂಟು ಚಿಗುರಿನಲ್ಲೇ ಇದೆ. ಎಲೆಯೊಳಗೆ ಬೆಳ್ಳಿಗೆರೆ ಬಿಡಿಸುವ ರಂಗೋಲಿ ಹುಳು ಬಲಿತ ಎಲೆಯನ್ನು ಬಿಟ್ಟು ಎಳೆ ಎಲೆಯಲ್ಲಿ ಮೊಟ್ಟೆಯಿಡುತ್ತದೆ. ಹಸಿರು ರೋಗವನ್ನು ಹರಡುವ ಸಿಲ್ಲಿಡ್ ಕೀಟದ್ದೂ ಇದೇ ರೀತಿ. ಈ ಸಿಲ್ಲಿಡ್ ಅಮೆರಿಕದ ಫ್ಲೋರಿಡಾದಲ್ಲಿ 1998ರಲ್ಲೂ ರೋಗ 2005ರಲ್ಲೂ ಪತ್ತೆಯಾದವು. ಮುಂದೆ ಅಲ್ಲಿನ ಕಿತ್ತಳೆ ಕೃಷಿ ಭಾರಿ ನಷ್ಟ ಕಂಡಿತು. ಹೊತ್ತಲ್ಲದ ಹೊತ್ತಿನಲ್ಲಿ ಹಾಕಿದ ಸಾರಜನಕ ಮೇಲಿಂದ ಮೇಲೆ ಚಿಗುರು ತರಿಸಿ, ಇಂಥ ಕೀಟಗಳಿಗೆ ವರ್ಷವಿಡೀ ಆಸರೆಯಾಗುತ್ತದೆ.

ಮಿತಿಗಳು: ಎಲ್ಲ ಕೀಟಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ. ತೊಗಟೆ ಕೊರೆಯುವ ಹಲವು ದುಂಬಿಗಳು ಸೊರಗಿದ ಮರಗಳನ್ನೇ ಹುಡುಕಿ ಬರುತ್ತವೆ. ಹಾಗಾಗಿ ಗೊಬ್ಬರ ನಿಲ್ಲಿಸಿಬಿಡುವುದು ಪರಿಹಾರವಲ್ಲ.

ನಿರ್ವಹಣೆ: ಎಲೆ ಮತ್ತು ಮಣ್ಣಿನ ಪರೀಕ್ಷೆಯ ಆಧಾರದ ಮೇಲೆ ಗೊಬ್ಬರದ ಪ್ರಮಾಣವನ್ನು ನಿರ್ಧರಿಸಿ, ಅದನ್ನು ಕಂತುಗಳಲ್ಲಿ ಕೊಡುವುದು ಸೂಕ್ತ. ಕೊಟ್ಟಿಗೆ ಗೊಬ್ಬರ ಪೋಷಕಾಂಶಗಳನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ ಚಿಗುರು ಮಿತಿಮೀರಿ ಉಕ್ಕುವುದು ಕಡಿಮೆ. ಚಿಗುರು ಒಟ್ಟಿಗೆ ಬಂದು ಒಟ್ಟಿಗೆ ಬಲಿತರೆ ಕೀಟ ಎರಗುವ ಅವಧಿ ಕಿರಿದಾಗುತ್ತದೆ; ಗುಲಗಂಜಿ ಹುಳುವಿನಂಥ ಮಿತ್ರಕೀಟಗಳಿಗೆ ಉಳಿದ ಹೇನುಗಳನ್ನು ಹತೋಟಿಯಲ್ಲಿಡುವುದು ಸುಲಭವಾಗುತ್ತದೆ.