ಅಲಂಕಾರಿಕ ಲಿಲ್ಲಿಗಳ ಫಲವತ್ತತೆಯ ಮೇಲೆ ತಾಪಮಾನದ ಪರಿಣಾಮ

ಲಿಲಿಯಮ್ ಕುಲದ ಅಲಂಕಾರಿಕ ಲಿಲ್ಲಿಗಳಲ್ಲಿ ಪರಾಗದ ಜೀವಂತಿಕೆ, ಪರಾಗನಳಿಕೆಯ ಬೆಳವಣಿಗೆ ಹಾಗೂ ಬೀಜ ಕಟ್ಟುವಿಕೆ ಇವು ಗಿಡ ಬೆಳೆಯುವ ತಾಪಮಾನವನ್ನು ಬಹುಮಟ್ಟಿಗೆ ಅವಲಂಬಿಸಿವೆ. ಆಡುಮಾತಿನಲ್ಲಿ ಲಿಲ್ಲಿ ಎನಿಸಿಕೊಳ್ಳುವ ಮಳೆಲಿಲ್ಲಿ ಮತ್ತು ನೀರಿನ ಲಿಲ್ಲಿಗಳು ಈ ಕುಲಕ್ಕೆ ಸೇರಿದವಲ್ಲ. ನೀಲಗಿರಿ ಬೆಟ್ಟಗಳ ಬಿಳಿಯ ಕಾಡುಲಿಲ್ಲಿ ಮಾತ್ರ ಇದೇ ಕುಲದ್ದು.

ಪರಾಗದ ಮೇಲೆ ಪರಿಣಾಮ

ಪರಾಗಕೋಶದೊಳಗೆ ಮಿಯಾಸಿಸ್ ವಿಭಜನೆಯು ಹೂ ಅರಳುವುದಕ್ಕೆ ಬಹಳ ಮೊದಲೇ, ಮೊಗ್ಗು ಇನ್ನೂ ಚಿಕ್ಕದಿರುವಾಗ ನಡೆಯುತ್ತದೆ. ಈ ಹಂತದಲ್ಲಿ ತೀವ್ರ ಶಾಖ ತಗುಲಿದರೆ ವರ್ಣತಂತುಗಳ ಹಂಚಿಕೆ ತಪ್ಪಬಹುದು. ಪರಾಗಕ್ಕೆ ಪೋಷಣೆ ಒದಗಿಸುವ ಒಳಪದರವೂ ಹಾಳಾಗಬಹುದು. ಪರಿಣಾಮವಾಗಿ ಮುರುಟಿದ, ಮೊಳೆಯದ ಪರಾಗ ಉಂಟಾಗುತ್ತದೆ. ಆದುದರಿಂದ ಬೀಜ ಕಟ್ಟದ ಹೂವಿನ ವಿಷಯದಲ್ಲಿ ಅರಳಿದ ದಿನದ ಹವೆಯನ್ನಷ್ಟೇ ನೋಡಿದರೆ ಸಾಲದು. ಕಾರಣವು ಕೆಲವು ವಾರಗಳ ಹಿಂದಿನ ಬಿಸಿಲಿನಲ್ಲಿರಬಹುದು. ಹೊರನೋಟಕ್ಕೆ ಇಂತಹ ಹೂವು ಆರೋಗ್ಯವಾಗಿಯೇ ಕಾಣುತ್ತದೆ. ಪರಾಗಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದ ಅಥವಾ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಮೊಳೆಯಿಸುವುದರಿಂದ ದೋಷ ತಿಳಿಯುತ್ತದೆ.

ಸ್ವಪರಾಗ ನಿರಾಕರಣೆ ಮತ್ತು ಶಾಖ

ಶಾಖವು ಎಲ್ಲ ಸಂದರ್ಭಗಳಲ್ಲಿಯೂ ಹಾನಿಕರವಲ್ಲ. ಜಪಾನಿನ ರ್ಯೂಕ್ಯೂ ದ್ವೀಪಗಳು ಮತ್ತು ತೈವಾನ್ ಮೂಲದ ಈಸ್ಟರ್ ಲಿಲ್ಲಿ (ಲಿಲಿಯಮ್ ಲಾಂಗಿಫ್ಲೋರಮ್) ಸಾಮಾನ್ಯವಾಗಿ ತನ್ನದೇ ಪರಾಗವನ್ನು ಸ್ವೀಕರಿಸುವುದಿಲ್ಲ. ಪರಾಗವು ಶಲಾಕಾಗ್ರದ ಮೇಲೆ ಮೊಳೆತರೂ ಅದರ ನಳಿಕೆಯು ಉದ್ದನೆಯ ಶಲಾಕೆಯೊಳಗೆ ನಿಧಾನಗೊಂಡು, ಅಂಡಕಗಳನ್ನು ತಲುಪುವ ಮೊದಲೇ ನಿಲ್ಲುತ್ತದೆ. ಪರಾಗಸ್ಪರ್ಶಕ್ಕೆ ಮೊದಲು ಶಲಾಕೆಯನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿದರೆ ಈ ತಡೆ ದುರ್ಬಲವಾಗಿ ಸ್ವಪರಾಗದ ನಳಿಕೆಗಳೂ ಮುಂದುವರಿಯುತ್ತವೆ ಎಂಬುದು 1960ರ ದಶಕದ ಪ್ರಯೋಗಗಳಿಂದ ತಿಳಿದುಬಂದಿತು. ಇಲ್ಲಿ ಕಾಯಿಸುವುದು ಶಲಾಕೆಯನ್ನೇ ಹೊರತು ಪರಾಗವನ್ನಲ್ಲ. ಹೀಗೆ ಒಂದೇ ಶಾಖವು ಗಂಡುಭಾಗದ ಬೆಳವಣಿಗೆಯನ್ನು ಕೆಡಿಸುತ್ತದೆ, ಹೆಣ್ಣುಭಾಗದ ನಿರಾಕರಣೆಯನ್ನು ಸಡಿಲಿಸುತ್ತದೆ. ಶುದ್ಧ ವಂಶಾವಳಿ ಬೇಕಾದ ತಳಿವಿಜ್ಞಾನಿಗಳಿಗೆ ಈ ವ್ಯತ್ಯಾಸ ಬಹಳ ಉಪಯುಕ್ತ.

ಸಂಕರ ತಳಿಗಳು

ದೂರದ ಪ್ರಭೇದಗಳ ಸಂಕರಗಳಲ್ಲಿ 24 ವರ್ಣತಂತುಗಳು ಸರಿಯಾಗಿ ಜೋಡಿಯಾಗದ ಕಾರಣ ಅನೇಕವು ಬಂಜೆಯಾಗಿರುತ್ತವೆ. ಕೆಲವು ಮಾತ್ರ ವರ್ಣತಂತು ಸಂಖ್ಯೆ ಅರ್ಧಕ್ಕಿಳಿಯದ, ಫಲವತ್ತಾದ ಪರಾಗವನ್ನು ನೀಡುತ್ತವೆ. ಇದರ ಪ್ರಮಾಣವು ತಳಿಯೊಂದಿಗೆ ಬೆಳೆಯುವ ಪರಿಸರವನ್ನೂ ಅವಲಂಬಿಸಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದು.

ಕತ್ತರಿಸಿದ ಹೂವಿನ ವ್ಯಾಪಾರಕ್ಕೆ ಫಲವತ್ತತೆ ಬೇಕಿಲ್ಲ. ಬಟ್ಟೆಗೆ ಕಲೆಯಾಗದಿರಲೆಂದು ಪರಾಗಕೋಶಗಳನ್ನೇ ಕಿತ್ತುಹಾಕುವುದುಂಟು, ಗಿಡಗಳನ್ನು ಗಡ್ಡೆಯ ಎಸಳುಗಳಿಂದ ವೃದ್ಧಿಸುತ್ತಾರೆ.